ಬೆಂಗಳೂರಿನ ಒಂದು ಮರೆತ ತಂಡ

ವಿಶ್ವಕಪ್ ಬಂತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹುಡುಗರ ಬಾಯಲ್ಲಿ ಅರ್ಜೆಂಟೀನಾ, ಬ್ರೆಜಿಲ್‌ನದೇ ಮಾತು. ಕೊಯ್ಲು ಮುಗಿದ ಗದ್ದೆಯಲ್ಲಿ ಕಬಡ್ಡಿ, ವಾಲಿಬಾಲ್ ಆಡಿ ಬೆಳೆದ ನಮಗೆ 'ಬೆಂಗಳೂರು ಮುಸ್ಲಿಮ್ಸ್' ಎಂಬ ಫುಟ್ಬಾಲ್ ತಂಡದ ಕತೆಯನ್ನು ಯಾರೂ ಹೇಳಿರಲಿಲ್ಲ.

ಮುಂಬಯಿಯ ರೋವರ್ಸ್ ಕಪ್ ಆರಂಭವಾದದ್ದು 1891ರಲ್ಲಿ. ದಶಕಗಳ ಕಾಲ ಅದನ್ನು ಗೆಲ್ಲುತ್ತಿದ್ದುದು ಬ್ರಿಟಿಷ್ ಸೇನೆಯ ತಂಡಗಳು. 1937ರಲ್ಲಿ ಆ ಸಾಲನ್ನು ಮುರಿದವರು ಬೆಂಗಳೂರಿನವರು. ಫೈನಲಿನಲ್ಲಿ ಕಲ್ಕತ್ತೆಯ ಬಲಿಷ್ಠ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು ಸೋಲಿಸಿ, ಕಪ್ ಗೆದ್ದ ಮೊದಲ ಭಾರತೀಯ ತಂಡವೆನಿಸಿದರು. 1938ರಲ್ಲೂ ಗೆದ್ದರು, ಸ್ವಾತಂತ್ರ್ಯಾನಂತರ 1948ರಲ್ಲಿ ಮತ್ತೊಮ್ಮೆ.

ಆ ಪಂದ್ಯಾವಳಿ ಈಗ ನಡೆಯುತ್ತಿಲ್ಲ. ಆದರೆ 'ಈ ನಾಡಿಗೆ ನಿಮ್ಮ ಕೊಡುಗೆ ಏನು?' ಎಂದು ಯಾರಾದರೂ ಕೇಳಿದರೆ ನಮ್ಮ ಮಕ್ಕಳು ಜಗಳಕ್ಕೆ ಇಳಿಯಬೇಕಿಲ್ಲ. ಈ ಮೂರು ಇಸವಿಗಳನ್ನು ಹೇಳಿದರೆ ಸಾಕು. ಅದಕ್ಕೆ ಮೊದಲು ನಾವು ಅವರಿಗೆ ಹೇಳಿರಬೇಕು, ಅಷ್ಟೆ.