ಬಿಳಿಯಲ್ಲಿ ಹುಟ್ಟಿದ ಕಂದು

ರಟ್ಟೀಹಳ್ಳಿಯ ಮೇಲೆ ಆಷಾಢದ ಜಿಟಿಜಿಟಿ ಮಳೆ. ಕುಮುದ್ವತಿಯ ಕಡೆಯಿಂದ ಬರುವ ಗಾಳಿಯಲ್ಲಿ ಗೋವಿನಜೋಳದ ಹೊಲಗಳ ಹಸಿ ವಾಸನೆ ಇದೆ. ಪಡಸಾಲೆಯ ಕಿಟಕಿಕಟ್ಟೆಯ ಮೇಲೆ ನಿಮ್ಮ ಮನಿಪ್ಲಾಂಟ್. ಹಸಿರಿಗಿಂತ ಬಿಳಿಯೇ ಹೆಚ್ಚಿರುವ ಮಾರ್ಬಲ್ ಕ್ವೀನ್ ತಳಿ. ನಿನ್ನೆ ಒಂದು ಎಲೆ ಕಂದಿತ್ತು. ಇವತ್ತು ಮೂರು.

ಬಾಗಿ ನೋಡುತ್ತೀರಿ. ಕಂದು ಹುಟ್ಟಿರುವುದು ಬಿಳಿಯಲ್ಲೇ, ಹಸಿರು ಇನ್ನೂ ಗಟ್ಟಿ. ಬಿಳಿ ಭಾಗದಲ್ಲಿ ಪತ್ರಹರಿತ್ತು ಇಲ್ಲವೆನ್ನುವಷ್ಟು ಕಡಿಮೆ. ಅದು ಪಕ್ಕದ ಹಸಿರಿನ ದುಡಿಮೆಯಲ್ಲಿ ಬದುಕುತ್ತದೆ, ಗಿಡಕ್ಕೆ ಏನೇ ಬಂದರೂ ಮೊದಲು ಕೆಡುತ್ತದೆ. ಆದರೆ ಬಂದಿರುವುದೇನು?

ಬಿಸಿಲೇ? ವಾರದಿಂದ ಸೂರ್ಯ ಕಂಡಿಲ್ಲ. ಬೋರಿನ ನೀರೇ? ಕುಂಡದ ಅಂಚಿನಲ್ಲಿ ಉಪ್ಪಿನ ಬಿಳಿ ಪದರ ಕಟ್ಟಿದೆ ನಿಜ. ಉಪ್ಪು ಎಲೆಯ ತುದಿಯನ್ನು ಸುಡುತ್ತದೆ. ಆದರೆ ಅಂಥ ಕಂದು ಒಣಗಿ ಗರಿಗರಿಯಾಗಿರುತ್ತದೆ. ಕಲೆಯ ಮೇಲೆ ಬೆರಳಾಡಿಸುತ್ತೀರಿ. ಮೆತ್ತಗಿದೆ. ಸುತ್ತ ಹಳದಿ ಹಬ್ಬಿದೆ.

ಬೆರಳನ್ನು ಮಣ್ಣಿಗೆ ಇಳಿಸುತ್ತೀರಿ. ಎರಡನೇ ಗೆಣ್ಣಿನವರೆಗೂ ತಣ್ಣನೆಯ ಕೆಸರು. ಕುಂಡ ಎತ್ತಿದರೆ ಕೈ ಜಗ್ಗುವ ಭಾರ. ಮಳೆಗಾಲದ ತೇವದಲ್ಲಿ ಮಣ್ಣು ಒಣಗುವುದೇ ಇಲ್ಲ, ಬೇಸಿಗೆಯ ರೂಢಿಯಲ್ಲಿ ಚೊಂಬು ಮಾತ್ರ ದಿನವೂ ಬಗ್ಗುತ್ತಿದೆ. ಸವಣೂರಿನ ವೀಳ್ಯದೆಲೆ ತೋಟದವರನ್ನು ಕೇಳಿ: ಬಳ್ಳಿಯ ಬುಡದಲ್ಲಿ ನೀರು ನಿಲ್ಲುವುದೆಂದರೆ ಅವರಿಗೆ ಎಷ್ಟು ಭಯ ಎಂದು ಹೇಳುತ್ತಾರೆ.

ಈಗ ನಿರ್ಧಾರ. ಕೀಳದಿದ್ದರೆ ಒಳಗೇನಾಗಿದೆ ಎಂದು ತಿಳಿಯದು. ಕಿತ್ತರೆ ಉಳಿದ ಬೇರೂ ಹರಿಯಬಹುದು. ಎದೆ ಒಮ್ಮೆ ಹಿಂದೇಟು ಹಾಕುತ್ತದೆ. ಕುಂಡ ವಾಲಿಸುತ್ತೀರಿ. ಬುಡ ಹಿಡಿಯುತ್ತೀರಿ. ತಟ್ಟುತ್ತೀರಿ. ಬರುತ್ತಿಲ್ಲ. ಇನ್ನೊಮ್ಮೆ. ಬೇರುಮಣ್ಣಿನ ಗಡ್ಡೆ ಸಡಿಲವಾಗಿ ಅಂಗೈಗೆ ಜಾರುತ್ತದೆ, ಹಿಂದೆಯೇ ವಾಸನೆ: ಹುಳಿಯಾಗಿ ಕೊಳೆತ, ಗಂಟಲಿಗೆ ಅಡರುವ ವಾಸನೆ. ಒಂದು ಬೇರನ್ನು ಚಿವುಟಿದರೆ ನೆನೆದ ಶೇಂಗಾದ ಸಿಪ್ಪೆಯ ಹಾಗೆ ಮೇಲ್ಪೊರೆ ಕಳಚಿ ಒಳಗಿನ ಎಳೆಯಷ್ಟೇ ಉಳಿಯುತ್ತದೆ. ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬಿ ಬೇರಿಗೆ ಗಾಳಿ ಸಿಕ್ಕಿಲ್ಲ. ಉಸಿರುಗಟ್ಟಿದ ಬೇರಿಗೆ ಶಿಲೀಂಧ್ರ ಹತ್ತಿದೆ.

ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ. ಕಪ್ಪು ಬೇರು, ಕತ್ತರಿಸಿ. ಮೆತ್ತಗಿನದು, ಕತ್ತರಿಸಿ. ಅನುಮಾನದ್ದು? ಒತ್ತಿ ನೋಡಿ, ಗಟ್ಟಿಯಾಗಿ ಕೆನೆಬಣ್ಣದಲ್ಲಿದ್ದರೆ ಬಿಡಿ. ರಸ ತಗುಲಿದ ಚರ್ಮ ತುರಿಸತೊಡಗುತ್ತದೆ, ರಸದಲ್ಲಿ ಆಕ್ಸಲೇಟ್ ಹರಳುಗಳಿವೆ, ಕಣ್ಣು ಉಜ್ಜಬೇಡಿ. ಕೊನೆಗೆ ಉಳಿಯುವುದು ಹಿಡಿಗಿಂತ ಕಡಿಮೆ ಬೇರು.

ಇಷ್ಟು ಬೇರು ಅಷ್ಟೊಂದು ಎಲೆಗಳಿಗೆ ನೀರು ಸೇದಲಾರದು. ಬಳ್ಳಿಯನ್ನೂ ಮೊಟಕುಮಾಡಲೇಬೇಕು, ನನಗೆ ಎಲ್ಲಕ್ಕಿಂತ ಕಠಿಣವೆನಿಸುವುದು ಇದೇ. ಕಣ್ಣು ಅಚ್ಚಬಿಳಿಯ ಚೆಲುವಾದ ಕುಡಿಯನ್ನು ಉಳಿಸೆನ್ನುತ್ತದೆ. ಅದರ ಮಾತು ಕೇಳಬೇಡಿ: ಬರೀ ಬಿಳಿ ಎಲೆಗಳ ಕುಡಿ ಒಂಟಿಯಾಗಿ ಬದುಕುವುದಿಲ್ಲ. ಹಸಿರು ಬಿಳಿ ಎರಡೂ ಇರುವ ಗೆಣ್ಣಿನ ಮೇಲೆ ಕತ್ತರಿಸಿ. ಗಟ್ಟಿ ಗೆಣ್ಣಿರುವ ಎರಡು ತುಂಡುಗಳನ್ನು ನೀರಿನ ಸೀಸೆಯಲ್ಲಿಡಿ. ತಾಯಿಗಿಡ ಹೋದರೂ ತಳಿ ಉಳಿದೀತು.

ಹೊಸ ಕುಂಡ ಚಿಕ್ಕದಿರಲಿ, ತೂತು ತೆರೆದಿರಲಿ. ಕೆಂಪು ಮಣ್ಣು, ದಪ್ಪ ಮರಳು, ತೆಂಗಿನ ನಾರಿನ ಪುಡಿ ಕಲಸಿ ಸಡಿಲವಾಗಿ ತುಂಬಿ. ಮಾಳಿಗೆಯಿಂದ ಹಿಡಿದ ಮಳೆನೀರನ್ನು ಒಮ್ಮೆ ಹನಿಸಿ, ಬಸಿಯಲು ಬಿಡಿ. ಇದು ಪೆಸಿಫಿಕ್‌ನ ಮೋರಿಯಾ ದ್ವೀಪದ ಮರಗಳಡಿಯ ಬಳ್ಳಿ. ನೇರ ಬಿಸಿಲು ಬೇಡ, ಆದರೆ ಬಿಳಿ ಉಳಿಯಲು ಒಳ್ಳೆಯ ಬೆಳಕು ಬೇಕು.

ಕಂದಿದ ಎಲೆ ಮತ್ತೆ ಬಿಳಿಯಾಗುವುದಿಲ್ಲ. ಚೇತರಿಕೆ ತಿಳಿಯುವುದು ಮುಂದಿನ ಚಿಗುರಿನಲ್ಲಿ. ಅದು ಬರುವವರೆಗೆ ಗೊಬ್ಬರ ಹಾಕಬೇಡಿ, ಬೆರಳಿಗೆ ಮೇಲ್ಮಣ್ಣು ಒಣಗಿದ್ದು ಗೊತ್ತಾಗುವವರೆಗೆ ಚೊಂಬು ಮುಟ್ಟಬೇಡಿ.