ಸರಾಸರಿಗೆ ಸಿಗದ ಕೆಳಭಾಗ

ಸಿಂಧನೂರು

ಅಣ್ಣನ ಮಗಳು ಎಂಬಿಎ ಎರಡನೇ ವರ್ಷದಲ್ಲಿದ್ದಾಳೆ. ಆಪರೇಷನ್ಸ್ ಮ್ಯಾನೇಜ್‌ಮೆಂಟ್ ಅವಳು ಆರಿಸಿಕೊಂಡ ವಿಷಯ. ಜೊತೆಗೆ ಸಂಸ್ಥೆಯ ನಾಯಕತ್ವ ಮತ್ತು ನೀತಿ ಎಂಬ ಇನ್ನೊಂದು ಪೇಪರು. ರಜೆಗೆ ಬಂದಾಗ ಎರಡೂ ಪುಸ್ತಕ ಪಡಸಾಲೆಯಲ್ಲಿ ಬಿದ್ದಿದ್ದವು, ತಿರುವಿ ಹಾಕಿದೆ. ಒಂದರ ತುಂಬ ಲೆಕ್ಕ, ಇನ್ನೊಂದರ ತುಂಬ ಮಾತು. ಲೆಕ್ಕದ ಪುಸ್ತಕದಲ್ಲಿ ನ್ಯಾಯದ ಸುದ್ದಿಯಿಲ್ಲ, ನ್ಯಾಯದ ಪುಸ್ತಕದಲ್ಲಿ ಒಂದೂ ಲೆಕ್ಕವಿಲ್ಲ. ಇವೆರಡು ಬೇರೆಯಾದದ್ದು ಯಾವಾಗ?

*

ಜೋಳ ಖರೀದಿಯ ದಿನಗಳಲ್ಲಿ ಒಂದು ಕೇಂದ್ರದ ಮುಂದೆ ಒಂದಿಡೀ ಹಗಲು ನಿಂತಿದ್ದೆ. ಟ್ರ್ಯಾಕ್ಟರ್‌ಗಳ ಸಾಲು ರಸ್ತೆಯವರೆಗೆ ಬಂದಿತ್ತು. ಮನೆಗೆ ಬಂದು ಹೇಳಿದಾಗ ಅವಳು ಹಾಳೆ ತೆಗೆದುಕೊಂಡಳು. ಸಾಲಿನಲ್ಲಿ 60 ಗಾಡಿ, ತಾಸಿಗೆ 12 ಗಾಡಿ ತೂಕವಾದರೆ ಕಾಯುವುದು 5 ತಾಸು. ಇದು ಜಾನ್ ಲಿಟ್ಲ್ ಎಂಬಾತ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರವಂತೆ. ಆಸ್ಪತ್ರೆ, ಬ್ಯಾಂಕು, ಕಾರ್ಖಾನೆ ಎಲ್ಲಕ್ಕೂ ಅನ್ವಯಿಸುತ್ತದೆ. ಇಷ್ಟು ಸರಳವಾದದ್ದು ಇಷ್ಟು ದೂರ ಹೋಗುತ್ತದಲ್ಲ ಎಂದು ಖುಷಿಯಾಯಿತು.

‘ಫೋನ್ ಮಾಡಿಸಿ ನಡಕ ಬಂದು ಹೊಕ್ಕವರ ಲೆಕ್ಕ?’ ಎಂದೆ.

ಅವಳು ಸ್ವಲ್ಪ ಹೊತ್ತು ಗೀಚಿದಳು. ‘ಕಾಕಾ, ಯಾರು ನಡಕ ಹೊಕ್ಕರೂ ಸರಾಸರಿ ಬದಲಾಗಂಗಿಲ್ಲ. ಅವರು ಉಳಿಸಿಕೊಂಡ ತಾಸು ಹಿಂದಿನವರ ಪಾಲಿಗೆ ಹೋಗಿ ಕೂಡತದ. ಒಟ್ಟು ಅಷ್ಟೇ.’

ರಾತ್ರಿ ಅದನ್ನೇ ಯೋಚಿಸಿದೆ. ಅನ್ಯಾಯ ನಡೆದ ದಿನವೂ ನಡೆಯದ ದಿನವೂ ಸರಾಸರಿ ಒಂದೇ. ವರದಿ ಓದುವ ಅಧಿಕಾರಿಗೆ ಎರಡು ದಿನಗಳ ನಡುವೆ ವ್ಯತ್ಯಾಸ ಗೊತ್ತಾಗುವುದಾದರೂ ಹೇಗೆ?

*

ಕಾಲುವೆ. ನಮ್ಮ ಕಡೆಯ ಎಲ್ಲ ಮಾತೂ ಕೊನೆಗೆ ಇಲ್ಲಿಗೇ ಬರುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು 227 ಕಿ.ಮೀ. ಹರಿಯುತ್ತದೆ. ನಿಗದಿಯಾದ ಅಚ್ಚುಕಟ್ಟು ಸುಮಾರು 2.4 ಲಕ್ಷ ಹೆಕ್ಟೇರ್. ಊರ ಜನ ಇನ್ನೂ ಮೈಲಿನಲ್ಲೇ ಮಾತಾಡುತ್ತಾರೆ. 69ನೇ ಮೈಲಿನಲ್ಲಿ ಗೇಜ್ ಎಷ್ಟಿದೆ, 104ರಲ್ಲಿ ಎಷ್ಟಿದೆ. ಬಿತ್ತನೆಯ ಕಾಲದಲ್ಲಿ ಚಹಾದಂಗಡಿಯಲ್ಲಿ ಮೊದಲು ಕೇಳುವ ಸುದ್ದಿ ಇದು. ನೀರಾವರಿ ಸಲಹಾ ಸಮಿತಿಯ (ಐಸಿಸಿ) ಸಭೆ ಆಯಿತೇ, ಕೆಲ ದಿನ ನೀರು ಬಿಟ್ಟು ಕೆಲ ದಿನ ನಿಲ್ಲಿಸುವ ಆನ್ ಅಂಡ್ ಆಫ್ ಮಾಡುತ್ತಾರೋ, ಎಷ್ಟು ದಿನಕ್ಕೊಮ್ಮೆ ಸರದಿ ಎಂದು ಎಂಟನೇ ಇಯತ್ತೆ ಓದಿದ ರೈತನೂ ಕೇಳುತ್ತಾನೆ. ಸಾಮರ್ಥ್ಯ, ಹರಿವು, ವೇಳಾಪಟ್ಟಿ, ದಾಸ್ತಾನು: ಅವಳ ಪುಸ್ತಕದ ಪರಿವಿಡಿ ಇಡಿಯಾಗಿ ಇಲ್ಲಿ ಹರಿಯುತ್ತಿದೆ.

ಕಾಲುವೆಯನ್ನು ಯೋಜಿಸಿದವರು ಭತ್ತಕ್ಕೆಂದು ಯೋಜಿಸಲಿಲ್ಲ. ಬರಗಾಲದ ಸೀಮೆ ಇದು. ಇದ್ದ ನೀರನ್ನು ತೆಳುವಾಗಿ ಹರಡಿ, ಜೋಳ ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ ಕೊಟ್ಟು, ಹೆಚ್ಚು ಜನರನ್ನು ಬದುಕಿಸಬೇಕೆಂಬುದು ಲೆಕ್ಕ. ಭತ್ತಕ್ಕೆ ಸಣ್ಣ ಪಾಲು ಮಾತ್ರ. ಆಂಧ್ರದಿಂದ ಬಂದು ಕ್ಯಾಂಪ್‌ಗಳಲ್ಲಿ ನೆಲೆಸಿದವರು ಭತ್ತ ಹಚ್ಚಿದರು, ನಮ್ಮವರೂ ಕಲಿತರು. ಸಿಂಧನೂರು ಭತ್ತದ ಕಣಜವಾಯಿತು. ಅದು ದುಡಿಮೆಯ ಫಲ, ನನಗೆ ಹೆಮ್ಮೆಯಿದೆ. ಆದರೆ ಮೇಲ್ಭಾಗದ ಗದ್ದೆಯಲ್ಲಿ ನೀರು ನಿಂತಷ್ಟೂ ಕೆಳಭಾಗದ ಹೊಲಗಾಲುವೆ ಒಣಗುತ್ತದೆ. ಎಕರೆಗೆ ಇಷ್ಟು ನೀರು ಎಂಬ ಸರಾಸರಿ ಇಲ್ಲಿಯೂ ಸರಿಯಾಗಿಯೇ ಇರಬಹುದು.

*

ನನ್ನನ್ನು ಬಹಳ ದಿನ ಕಾಡಿದ ಸಂಗತಿ: ಈ ಕಾಲುವೆಯ ಮೇಲೆಯೇ ಒಂದು ದೊಡ್ಡ ಸಂಶೋಧನಾ ಪ್ರಬಂಧವಿದೆ. ನೆದರ್‌ಲ್ಯಾಂಡ್ಸ್‌ನ ಪೀಟರ್ ಮೊಲ್ಲಿಂಗಾ ನಮ್ಮ ಎಡದಂಡೆ ಕಾಲುವೆಯ ನೀರು ಹಂಚಿಕೆಯನ್ನು ಅಧ್ಯಯನ ಮಾಡಿ 1998ರಲ್ಲಿ ವಾಗೆನಿಂಗನ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ತೂಬು ಬರೀ ಸಿಮೆಂಟು ಕಬ್ಬಿಣವಲ್ಲ, ಅಲ್ಲಿ ರೈತ, ಎಂಜಿನಿಯರ್, ರಾಜಕಾರಣಿ ಮೂವರ ಜಗ್ಗಾಟ ಇದೆ ಎಂದು ಅದು ತೋರಿಸುತ್ತದೆ. ನದಿಯಾಚೆ ಕರ್ನೂಲು ಜಿಲ್ಲೆಯ ಹಳ್ಳಿಗಳ ಮೇಲೆ ರಾಬರ್ಟ್ ವೇಡ್ ಬರೆದ ಪುಸ್ತಕ 1988ರದು. ಕಾಲುವೆಯ ಕೆಳಗೆ ಹೋದಷ್ಟೂ ಹಳ್ಳಿಗಳು ಹೆಚ್ಚು ಒಗ್ಗಟ್ಟಾಗಿ, ಊರ ವತಿಯಿಂದಲೇ ನೀರು ಹಾಯಿಸುವವರನ್ನು ನೇಮಿಸಿಕೊಂಡಿದ್ದವು ಎಂಬುದು ಅವರು ಕಂಡದ್ದು. ಕೊನೆಯಲ್ಲಿ ಇರುವವರೇ ಸಂಘಟನೆ ಕಲಿತದ್ದು!

ಅಣ್ಣನ ಮಗಳ ಪುಸ್ತಕದಲ್ಲಿ ಜಪಾನಿನ ಟೊಯೋಟಾ ಕಾರ್ಖಾನೆಗೆ ಪೂರ್ತಿ ಒಂದು ಅಧ್ಯಾಯವಿದೆ. ಟೊಯೋಟಾ ಬೇಡ ಎನ್ನುತ್ತಿಲ್ಲ, ಅದನ್ನು ಕಲಿಯಲೇಬೇಕು. ಮನೆ ಮುಂದಿನ ಕಾಲುವೆಯನ್ನು ಹಾಲೆಂಡಿನವರು ಓದಿದರು, ನಮ್ಮ ಮಕ್ಕಳ ಕೈಗೆ ಯಾಕೆ ಬರಲಿಲ್ಲ?

*

ಲಿಂಗಸುಗೂರು

ಕೆಲಸದ ಮೇಲೆ ಹೋದವನು ಹಟ್ಟಿಗೆ ಹೋಗಿ ಬಂದೆ. ಚಿನ್ನದ ಗಣಿಯ ಕಂಪನಿ 1947ರಲ್ಲಿ ಹೈದರಾಬಾದ್ ಹೆಸರಿನಲ್ಲಿ ಶುರುವಾದದ್ದು, ಈಗ ರಾಜ್ಯ ಸರ್ಕಾರದ್ದು. ಒಂದು ಟನ್ ಅದಿರು ಮೇಲೆ ತಂದು, ನುಣ್ಣಗೆ ಅರೆದರೆ ಸಿಗುವುದು ಕೆಲವೇ ಗ್ರಾಂ. ದಕ್ಷತೆ ಎಂಬ ಮಾತಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇರಲಾರದು.

ಪಾಳಿ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಇದ್ದೆ. ಗಣಿಯಲ್ಲಿ ಕೆಳಗಿಳಿದವರ ಲೆಕ್ಕಕ್ಕೂ ಮೇಲೆ ಬಂದವರ ಲೆಕ್ಕಕ್ಕೂ ತಾಳೆಯಾಗಲೇಬೇಕು, ಕಾನೂನೇ ಹಾಗಿದೆ. ಸಾವಿರ ಜನ ಇಳಿದು 999 ಜನ ಬಂದರೆ ‘ಶೇ 99.9 ಸಾಧನೆ’ ಎಂದು ಯಾರೂ ಬರೆಯುವುದಿಲ್ಲ. ಆ ಒಬ್ಬನಿಗಾಗಿ ಹುಡುಕಾಟ ಶುರುವಾಗುತ್ತದೆ.

ಇದೇ ಜಿಲ್ಲೆ, ಇದೇ ಜನ. ಗಣಿಯಲ್ಲಿ ಕೊನೆಯವನನ್ನು ಎಣಿಸದೆ ಪಾಳಿ ಮುಗಿಯದು. ಕಾಲುವೆಯಲ್ಲಿ ಕೊನೆಯವನನ್ನು ಎಣಿಸದೆಯೇ ಹಂಗಾಮು ಮುಗಿಯುತ್ತದೆ. ಜೀವದ ಪ್ರಶ್ನೆ ಗಣಿಯಲ್ಲಿ ಕಣ್ಣಿಗೆ ಕಾಣುತ್ತದೆ, ನಿಜ. ಬೆಳೆ ಒಣಗಿ ಸಾಲದಲ್ಲಿ ಕುಳಿತವನದು?

*

ಮಸ್ಕಿ

ದುರ್ಗದ ಗುಡ್ಡದ ಶಾಸನ. 1915ರಲ್ಲಿ ಇದನ್ನು ಕಂಡವರು ಬೀಡನ್, ಚಿನ್ನ ಹುಡುಕಲು ಬಂದ ಗಣಿ ಎಂಜಿನಿಯರ್. ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂದಿದ್ದ ಅರಸನೇ ಅಶೋಕ ಎಂಬುದು ಈ ಕಲ್ಲಿನಿಂದ ಖಚಿತವಾಯಿತು. ಶಾಲೆಯಲ್ಲಿ ನಾವು ಕಲಿತದ್ದು ಅಷ್ಟೇ.

ಕಲ್ಲು ಹೇಳುವುದನ್ನು ಈಚೆಗೆ ಓದಿಸಿಕೊಂಡೆ. ಧರ್ಮದಲ್ಲಿ ತೊಡಗಿದ ಸಣ್ಣವನೂ ಈ ಗುರಿ ಮುಟ್ಟಬಲ್ಲ, ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬಾರದು, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಎಂಬ ಅರ್ಥ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯಲ್ಲಿ ಸಿಕ್ಕ ಕಲ್ಲಿನಲ್ಲಿ ಅಶೋಕ ತನ್ನ ಅಧಿಕಾರಿಗಳಿಗೆ ಬರೆಸಿದ ಪ್ರತ್ಯೇಕ ಶಾಸನಗಳ ಭಾಗಗಳಿವೆ. ಅವುಗಳ ಪೂರ್ಣ ರೂಪ ಒಡಿಶಾದ ಧೌಲಿಯಲ್ಲಿದೆ. ಅಧಿಕಾರಿಯನ್ನು ಕೆಡಿಸುವ ಗುಣಗಳನ್ನು ಅಲ್ಲಿ ಒಂದೊಂದಾಗಿ ಎಣಿಸಿದ್ದಾನೆ: ಅಸೂಯೆ, ಸಿಟ್ಟು, ಕ್ರೌರ್ಯ, ಆತುರ, ಆಲಸ್ಯ, ದಣಿವು. ದಣಿವನ್ನೂ ಸೇರಿಸಿದ್ದು ನೋಡಿ ಬೆರಗಾದೆ. ಅಧಿಕಾರಿ ಕೆಟ್ಟವನೇ ಆಗಬೇಕಿಲ್ಲ, ಸೋತು ಕೂತರೂ ಸಾಕು, ಕೆಳಗಿನವನಿಗೆ ನ್ಯಾಯ ತಪ್ಪುತ್ತದೆ.

ಎರಡು ಸಾವಿರ ವರ್ಷ ದಾಟಿದ ಆಡಳಿತದ ಪಾಠ. ಪಠ್ಯಕ್ರಮದಲ್ಲಿ ಇದಕ್ಕೆ ಜಾಗವಿಲ್ಲ.

*

ಅವಳು ತಾನಾಗಿ ಹೇಳಿದ ಒಂದು ಕಥೆ. ಗೋಲ್ಡ್‌ರಾಟ್ 1984ರಲ್ಲಿ ಬರೆದ ಕಾದಂಬರಿಯಲ್ಲಿ ಸ್ಕೌಟ್ ಹುಡುಗರು ಸಾಲಾಗಿ ದಾರಿ ನಡೆಯುತ್ತಾರೆ. ಹರ್ಬಿ ಎಂಬ ಹುಡುಗ ಎಲ್ಲರಿಗಿಂತ ನಿಧಾನ, ಸಾಲು ಉದ್ದವಾಗುತ್ತಲೇ ಹೋಗುತ್ತದೆ. ಜೊತೆಗಿದ್ದ ಕಾರ್ಖಾನೆ ಮ್ಯಾನೇಜರ್ ಅವನನ್ನು ಎಲ್ಲರ ಮುಂದೆ ನಿಲ್ಲಿಸಿ, ಅವನ ಚೀಲದ ಭಾರವನ್ನು ಉಳಿದವರಿಗೆ ಹಂಚುತ್ತಾನೆ. ಸಾಲು ಒಂದಾಗಿ ನಡೆಯತೊಡಗುತ್ತದೆ.

‘ಹಂಗಂದ್ರ ಕಾಲುವೆ ನೀರಿನ ಸರದಿಯನ್ನ ಕೆಳಗಿನಿಂದ ಶುರು ಮಾಡಬೇಕಲ್ಲ?’ ಎಂದೆ. ಮಹಾರಾಷ್ಟ್ರದ ಕೆಲವು ನೀರು ಬಳಕೆದಾರರ ಸಂಘಗಳಲ್ಲಿ ಹಾಗೆಯೇ ಮಾಡುತ್ತಾರೆ ಎಂದಳು. ಆ ರಾತ್ರಿ ಅವಳ ಎರಡು ಪುಸ್ತಕಗಳೂ ಒಂದೇ ಮಾತು ಆಡಿದಂತೆ ಅನಿಸಿತು.

*

ಮತ್ತೆ ಸಿಂಧನೂರು

ಅವಳ ಪ್ರಾಜೆಕ್ಟಿಗೆ ಕಂಪನಿ ಸಿಕ್ಕಿರಲಿಲ್ಲ. ಒಂದು ಉಪಕಾಲುವೆಯ ಕೊನೆಯ ತೂಬಿಗೆ ಹೋಗುತ್ತೇನೆ ಎಂದಳು. ಬೈಕಿನಲ್ಲಿ ಕರೆದುಕೊಂಡು ಹೋದೆ. ದಿನ, ತಾಸು, ನೀರಿನ ಎತ್ತರ ಎಂದು ಮೂರು ಅಂಕಣ ಎಳೆದು ಏರಿಯ ಮೇಲೆ ಕುಳಿತಳು. ಹತ್ತಿ ಹೊಲದಲ್ಲಿದ್ದ ಮುದುಕಿ ಹತ್ತಿರ ಬಂದಳು.

‘ಏನು ಬರ್ಕೊಳ್ಳಾಕ ಹತ್ತೀಯವ್ವಾ?’

‘ನೀರು ಎಷ್ಟೊತ್ತಿಗೆ ಬಂತು ಅಂತ, ಅಮ್ಮಾ.’

‘ಬರದ ದಿನಾನೂ ಬರ್ಕೋ.’

ಅವಳು ನಾಲ್ಕನೇ ಅಂಕಣ ಎಳೆದಳು.