ಹತ್ತಕ್ಕೆ ಎಂಟು

ವ್ಯಾಪಾರಿಯ ಏಳಿಗೆ ಗಿರಾಕಿಯ ನಾಲಗೆಯ ಮೇಲಿದೆ ಎಂಬುದು ವ್ಯಾಪಾರವನ್ನೇ ನಂಬಿ ಬಾಳಿದ ಸಮಾಜಕ್ಕೆ ಹೊಸ ಪಾಠವಲ್ಲ. ಕಿರಾಣಿ ಅಂಗಡಿಯಾಗಲಿ, ಬಟ್ಟೆಯ ಅಂಗಡಿಯಾಗಲಿ, ತೂಕ ಅಳತೆ ಸರಿಯಿದ್ದರೆ ಆ ಮಾತು ಓಣಿಯಿಂದ ಓಣಿಗೆ ತಾನಾಗಿಯೇ ನಡೆದು ಹೋಗುತ್ತಿತ್ತು. ತಪ್ಪಿದ್ದರೆ ಇನ್ನೂ ಬೇಗ ಹೋಗುತ್ತಿತ್ತು. ಆದರೆ ಹೊರಟು ನಿಂತ ಗಿರಾಕಿಯನ್ನು ತಡೆದು, ನಮ್ಮ ಬಗ್ಗೆ ಇಂಥ ಒಳ್ಳೆಯ ಮಾತನ್ನು ಇಂಥ ಶಬ್ದಗಳಲ್ಲಿಯೇ ಬರೆದುಕೊಟ್ಟು ಹೋಗಿರೆಂದು ಬೇಡುವ ಪರಿಪಾಠ ಹಿರಿಯರ ಕಾಲದಲ್ಲಿ ಇರಲಿಲ್ಲ. ಇಂದು ಆಸ್ಪತ್ರೆಯ ಬಿಲ್ಲಿನ ಕಿಟಕಿ, ಹೋಟೆಲಿನ ಗಲ್ಲಾ, ಆಭರಣದ ಮಳಿಗೆ, ವಾಹನ ರಿಪೇರಿಯ ಕೇಂದ್ರ, ಎಲ್ಲ ಕಡೆಯೂ ಮೊಬೈಲಿನಿಂದ ಸ್ಕ್ಯಾನ್ ಮಾಡುವ ಒಂದು ಕಾರ್ಡು ನಿಂತಿದೆ. ಅದರ ಪಕ್ಕದಲ್ಲಿ ತಿಂಗಳ ಸಂಬಳದ ಒಬ್ಬ ಹುಡುಗನೋ ಹುಡುಗಿಯೋ ನಿಂತಿರುತ್ತಾರೆ. ಬೇಡುವ ಕೆಲಸ ಒಡೆಯನದಲ್ಲದೆ ಅವರ ಪಾಲಿಗೆ ಬಂದಿದೆ.

ಹುಬ್ಬಳ್ಳಿಯ ಒಬ್ಬ ನಿವೃತ್ತ ಮಾಸ್ತರರು ಇಂಥ ಬೇಡಿಕೆಯ ಎದುರು ನಿಲ್ಲಬೇಕಾಗಿ ಬಂದದ್ದು ಒಂದು ಸಾಮಾನ್ಯ ಸಂದರ್ಭದಲ್ಲಿ. ಅವರು ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವರು. ಅಣುವ್ರತಗಳನ್ನು ಸ್ವೀಕರಿಸಿ ಹಲವು ವರ್ಷಗಳಾಗಿವೆ. ಊರ ಹೊರಗಿನ ಸರ್ವಿಸ್ ಕೇಂದ್ರವೊಂದಕ್ಕೆ ತಮ್ಮ ಹಳೆಯ ಕಾರನ್ನು ಬ್ರೇಕಿನ ರಿಪೇರಿಗೆಂದು ಬಿಟ್ಟಿದ್ದರು. ಶನಿವಾರ ಸಂಜೆ ಸಿಗಬೇಕಾದ ಗಾಡಿ ಸೋಮವಾರ ಸಿಕ್ಕಿತು. ತಡವಾಗುತ್ತದೆಂದು ಯಾರೂ ಫೋನು ಮಾಡಿ ತಿಳಿಸಿರಲಿಲ್ಲ. ಆದರೆ ಬ್ರೇಕಿನ ಕೆಲಸ ಅಚ್ಚುಕಟ್ಟಾಗಿತ್ತು. ಬಿಲ್ಲು ಮೊದಲೇ ಹೇಳಿದ್ದಕ್ಕಿಂತ ಒಂದು ರೂಪಾಯಿಯೂ ಹೆಚ್ಚಿರಲಿಲ್ಲ. ಕೀಲಿಕೈ ಕೊಡುವಾಗ ಅಲ್ಲಿನ ಸರ್ವಿಸ್ ಅಡ್ವೈಸರ್, ಇಪ್ಪತ್ತನಾಲ್ಕು ಇಪ್ಪತ್ತೈದರ ಹುಡುಗ, ದನಿ ತಗ್ಗಿಸಿ ಹೇಳಿದ:

"ಸರ್, ನಾಳೆ ನಾಡಿದ್ದರಾಗ ಕಂಪನಿಯಿಂದ ಒಂದು ಫೋನ್ ಬರ್ತದ್ರಿ. ಹತ್ತಕ್ಕ ಹತ್ತು ಅಂತ ಹೇಳ್ರಿ ಸರ್. ಕಡಿಮಿ ಆತಂದ್ರ ನಮ್ಮ ಇನ್ಸೆಂಟಿವ್ ಹೋಗ್ತದ."

ಮಾಸ್ತರರು ತಲೆಯಾಡಿಸಿದರೇ ವಿನಾ ಮಾತು ಕೊಡಲಿಲ್ಲ. ಫೋನು ಬಂತು. ಸೊನ್ನೆಯಿಂದ ಹತ್ತರವರೆಗೆ ಎಷ್ಟು ಅಂಕ ಎಂದು ಕೇಳಿದರು. ಅವರು ಒಂದು ಕ್ಷಣ ಲೆಕ್ಕ ಹಾಕಿ ಎಂಟು ಎಂದರು. ಅರವತ್ತಕ್ಕೆ ಪ್ರಥಮ ದರ್ಜೆ ಎಂದು ಆಯುಷ್ಯವೆಲ್ಲ ಉತ್ತರಪತ್ರಿಕೆ ತಿದ್ದಿದ ಕೈಗೆ ನೂರಕ್ಕೆ ಎಂಬತ್ತು ಎಂದರೆ ಜಾಣ ವಿದ್ಯಾರ್ಥಿಯ ಅಂಕ. ಒಳ್ಳೆಯ ಮಾತನ್ನೇ ಹೇಳಿದೆನೆಂಬ ತೃಪ್ತಿಯಿಂದ ಅವರು ಫೋನು ಕೆಳಗಿಟ್ಟರು.

ಮರುದಿನ ಸಂಜೆ, ಅವರು ಸಾಮಾಯಿಕಕ್ಕೆ ಕುಳಿತುಕೊಳ್ಳುವ ಹೊತ್ತಿಗೆ, ಆ ಹುಡುಗ ಮನೆಯ ಗೇಟಿನ ಹತ್ತಿರ ಬಂದು ನಿಂತಿದ್ದ. ಕೈಯಲ್ಲಿ ಹೊಸ ವೈಪರಿನ ಜೋಡಿ, ಹಣ ಬೇಡವೆಂದ. ಮ್ಯಾನೇಜರು ಎಲ್ಲರೆದುರು ಮಾತನಾಡಿಸಿದ ಬಗೆಯನ್ನು ಹೇಳಿದ. ಕೊಟ್ಟ ಎಂಟು ತಿರುಗಿ ಬರುವುದಿಲ್ಲ. ಆದರೆ ಗೂಗಲ್ ನಕ್ಷೆಯಲ್ಲಿ ಐದು ನಕ್ಷತ್ರ ಕೊಟ್ಟು, ತನ್ನ ಹೆಸರು ಬರುವಂತೆ ನಾಲ್ಕು ಸಾಲು ಬರೆದರೆ ತಿಂಗಳ ಲೆಕ್ಕ ಸರಿಹೋಗುತ್ತದೆ ಎಂದ. ಮನೆಯಲ್ಲಿ ತಂಗಿಯ ಮದುವೆ ಗೊತ್ತಾಗಿತ್ತು. ಮಾಸ್ತರರಿಗೆ ಮೊಬೈಲಿನಲ್ಲಿ ಬರೆಯುವ ರೂಢಿಯಿಲ್ಲ. ಹುಡುಗನೇ ಅವರ ಮೊಬೈಲು ಇಸಿದುಕೊಂಡು ಬರೆದ: ಅತ್ಯುತ್ತಮ ಸೇವೆ, ಹೇಳಿದ ಸಮಯಕ್ಕೆ ವಾಹನ ದೊರೆಯಿತು, ಸಿಬ್ಬಂದಿಯ ನಡವಳಿಕೆ ಶ್ಲಾಘನೀಯ. ಕೊನೆಗೆ ತನ್ನ ಹೆಸರು. ಮಾಸ್ತರರು ಓದಿದರು. ಹೇಳಿದ ಸಮಯಕ್ಕೆ ಎಂಬ ಮಾತಿನ ಮೇಲೆ ಅವರ ಕಣ್ಣು ನಿಂತಿತು. ಹುಡುಗನ ಮುಖ ನೋಡಿದರು. ಒತ್ತಿಬಿಡಪ್ಪ ಎಂದರು. ವೈಪರಿನ ಹಣವನ್ನು ಮಾತ್ರ ಒತ್ತಾಯದಿಂದ ಅವನ ಕಿಸೆಯಲ್ಲಿಟ್ಟು ಕಳಿಸಿದರು. ಅಂದಿನ ಸಾಮಾಯಿಕದಲ್ಲಿ ಮನಸ್ಸು ನಿಲ್ಲಲಿಲ್ಲ.

ಎಂಟು ಅಂಕಕ್ಕೆ ಒಬ್ಬ ಹುಡುಗ ಮನೆಯ ಬಾಗಿಲಿಗೆ ಬಂದು ನಿಲ್ಲುವಂತಾದದ್ದು ಹೇಗೆ? ಇದರ ಮೂಲ ಹಳೆಯದೇನಲ್ಲ. 2003ರ ಡಿಸೆಂಬರಿನಲ್ಲಿ ಫ್ರೆಡ್ ರೈಖೆಲ್ಡ್ ಎಂಬ ಅಮೆರಿಕದ ಸಲಹೆಗಾರರು ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಈ ಸಂಸ್ಥೆಯನ್ನು ನಿಮ್ಮ ಸ್ನೇಹಿತರಿಗೆ ಶಿಫಾರಸು ಮಾಡುವಿರಾ ಎಂಬ ಒಂದೇ ಪ್ರಶ್ನೆ ಸಾಕು, ಗ್ರಾಹಕರು ಸೊನ್ನೆಯಿಂದ ಹತ್ತರೊಳಗೆ ಉತ್ತರಿಸಲಿ ಎಂಬುದು ಅವರ ಸೂಚನೆ. ಒಂಬತ್ತು, ಹತ್ತು ಕೊಟ್ಟವರು ಪ್ರಚಾರಕರು. ಆರು ಮತ್ತು ಅದಕ್ಕಿಂತ ಕಡಿಮೆ ಕೊಟ್ಟವರು ನಿಂದಕರು. ಏಳು, ಎಂಟು ಕೊಟ್ಟವರು ಯಾವ ಕಡೆಯೂ ಸೇರದವರು. ಪ್ರಚಾರಕರ ಶೇಕಡಾ ಪ್ರಮಾಣದಿಂದ ನಿಂದಕರದನ್ನು ಕಳೆದರೆ ಬರುವುದೇ ಸಂಸ್ಥೆಯ ಅಂಕ. ಈ ಗಣಿತದಲ್ಲಿ ಮಾಸ್ತರರ ಎಂಟಕ್ಕೆ ಬೆಲೆಯೇ ಇಲ್ಲ. ಮುಂದೆ ಕೆಲವೆಡೆ ಒಂಬತ್ತೂ ಸಾಲದಾಯಿತು, ಹತ್ತೇ ಬೇಕಾಯಿತು. ಗ್ರಾಹಕರ ಮನಸ್ಸನ್ನು ತಿಳಿಯಲೆಂದು ಹುಟ್ಟಿದ ಅಳತೆಗೋಲು ನೌಕರನ ಬೆನ್ನಿಗೆ ಬೀಳುವ ಕೋಲಾಯಿತು. ಆ ಅಂಕವನ್ನು ನೌಕರರ ಪ್ರೋತ್ಸಾಹಧನಕ್ಕೆ ಗಂಟುಹಾಕುವುದರಿಂದ ಆಗುವ ಕೇಡನ್ನು ಕುರಿತು ರೈಖೆಲ್ಡ್ ಅವರೇ ಮುಂದೆ ಆಕ್ಷೇಪ ಎತ್ತಬೇಕಾಯಿತು.

ನಕ್ಷತ್ರಗಳ ಕಥೆ ಇದಕ್ಕೆ ಸಮೀಪದ್ದು. ಅಮೆರಿಕದ ಸಿಯಾಟಲ್ ನಗರದ ಉಪಾಹಾರ ಗೃಹಗಳ ಬಗ್ಗೆ ಹಾರ್ವರ್ಡಿನ ಮೈಕೆಲ್ ಲೂಕಾ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯೆಲ್ಪ್ ಎಂಬ ತಾಣದಲ್ಲಿ ಒಂದು ನಕ್ಷತ್ರ ಹೆಚ್ಚಿದರೆ ವರಮಾನ ಶೇಕಡಾ 5ರಿಂದ 9ರಷ್ಟು ಹೆಚ್ಚುತ್ತದೆ. ಇಷ್ಟು ಲಾಭವಿರುವ ಕಡೆ ಒಡೆಯರು ಸುಮ್ಮನಿರುವುದುಂಟೆ?

ಸರಕಾರಗಳೂ ಸುಮ್ಮನೆ ಕುಳಿತಿಲ್ಲ. ಭಾರತೀಯ ಮಾನಕ ಬ್ಯೂರೋ ರೂಪಿಸಿದ, ಆನ್‌ಲೈನ್ ಗ್ರಾಹಕ ವಿಮರ್ಶೆಗಳ ಬಗೆಗಿನ ಐಎಸ್ 19000 ಎಂಬ ಮಾನಕ 2022ರ ನವೆಂಬರಿನಲ್ಲಿ ಹೊರಬಂತು. ಹೊರಬಂದಾಗ ಅದರ ಪಾಲನೆ ಸಂಸ್ಥೆಗಳ ಇಚ್ಛೆಗೆ ಬಿಟ್ಟದ್ದಾಗಿತ್ತು. ಅಮೆರಿಕದಲ್ಲಿ ಸುಳ್ಳು ವಿಮರ್ಶೆಗಳನ್ನೂ, ಹೊಗಳಬೇಕೆಂಬ ಕರಾರಿನ ಮೇಲೆ ಹಣ ಕೊಟ್ಟು ಪಡೆದ ವಿಮರ್ಶೆಗಳನ್ನೂ ನಿಷೇಧಿಸುವ ನಿಯಮ 2024ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಗೂಗಲ್ ಸಂಸ್ಥೆಯೂ ಆಮಿಷವೊಡ್ಡಿ ವಿಮರ್ಶೆ ಪಡೆಯಬಾರದೆಂದು ವಿಧಿಸಿದೆ. ಆದರೆ ಮಾಸ್ತರರ ಗೇಟಿನ ಬಳಿ ನಡೆದದ್ದು ಈ ಬಲೆಯ ಕಣ್ಣುಗಳಿಂದ ಸುಲಭವಾಗಿ ನುಸುಳಿಹೋಗುವಂಥದು. ಗಿರಾಕಿ ನಿಜವಾದವನು, ಬಿಲ್ಲು ನಿಜ, ವೈಪರಿನ ಹಣವೂ ಸಂದಾಯವಾಗಿದೆ. ಅಲ್ಲಿ ಕೈ ಬದಲಾದದ್ದು ಕನಿಕರ ಮಾತ್ರ.

ಕಾನೂನಿಗೆ ಸಿಗದ ಈ ಸೂಕ್ಷ್ಮ ಶಾಸ್ತ್ರಕಾರರ ಕಣ್ಣಿಗೆ ಬಿದ್ದಿತ್ತು ಎಂಬುದು ಮಾಸ್ತರರಿಗೆ ತಿಳಿದದ್ದು ಕೆಲವು ದಿನಗಳ ನಂತರದ ಸ್ವಾಧ್ಯಾಯದಲ್ಲಿ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು. ಸುಳ್ಳು ಪತ್ರ, ಸುಳ್ಳು ಸಹಿ ಎಂದಷ್ಟೇ ಅದನ್ನು ಅವರು ತಿಳಿದುಕೊಂಡಿದ್ದರು. ಅದು ಲೇವಾದೇವಿಯವರಿಗೆ ಹೇಳಿದ್ದೆಂದು ದಾಟಿ ಹೋಗುತ್ತಿದ್ದರು. ಪೂಜ್ಯಪಾದರ ಸರ್ವಾರ್ಥಸಿದ್ಧಿಯ ವಿವರಣೆಯಲ್ಲಿ ಒಂದು ಅಂಶ ಈ ಸಲ ಎದ್ದು ಕಂಡಿತು: ಇನ್ನೊಬ್ಬರ ಪ್ರೇರಣೆಗೆ ಒಳಗಾಗಿ, ಆಡದ ಮಾತನ್ನು ಆಡಿದಂತೆಯೂ ಮಾಡದ ಕಾರ್ಯವನ್ನು ಮಾಡಿದಂತೆಯೂ ಬರೆಯುವುದು. ಹೇಳಿದ ಸಮಯಕ್ಕೆ ವಾಹನ ದೊರೆಯಿತು! ವಂಚಿಸುವ ಉದ್ದೇಶ ತಮಗಿರಲಿಲ್ಲ ಎಂಬ ಸಮಾಧಾನವನ್ನು ಅವರು ತಂದುಕೊಳ್ಳಬಹುದಿತ್ತು. ಆದರೆ ಆ ಸಾಲನ್ನು ನಂಬಿ ಶನಿವಾರ ಸಂಜೆಗೆ ಗಾಡಿ ಸಿಗುವುದೆಂದು ಭಾನುವಾರದ ಪ್ರಯಾಣ ಇಟ್ಟುಕೊಳ್ಳುವ ಅಪರಿಚಿತನೊಬ್ಬನಿದ್ದಾನೆ. ಅವನ ಮೇಲೆ ಕನಿಕರ ತೋರಿದವರು ಯಾರು? ಕಣ್ಣೆದುರು ನಿಂತವನ ಕಷ್ಟ ಕಾಣುತ್ತದೆ, ಕಾಣದವನ ಕಷ್ಟ ಕಾಣುವುದಿಲ್ಲ.

ಹಾಗೆಂದು ಹುಡುಗನನ್ನು ಅಪರಾಧಿ ಮಾಡಲು ಅವರ ಮನಸ್ಸು ಒಪ್ಪಲಿಲ್ಲ. ತಾನು ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದ್ದನ್ನು ಅನುಮೋದಿಸಿದ್ದು ಎಂದು ಕರ್ಮದ ದ್ವಾರಗಳನ್ನು ಎಣಿಸುವ ಕ್ರಮ ಅವರಿಗೆ ಪರಿಚಿತ. ಬರೆದವನು ಹುಡುಗ, ಅನುಮೋದಿಸಿದವರು ತಾವು. ಮಾಡಿಸಿದವನು ಗೇಟಿನ ಬಳಿಗೆ ಬಂದಿರಲೇ ಇಲ್ಲ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವೂ ಸೇರಿದೆ. ಎತ್ತು ಹೊರಬಲ್ಲದ್ದಕ್ಕಿಂತ ಹೆಚ್ಚಿನ ಭಾರವನ್ನು ಅದರ ಮೇಲೆ ಹೇರುವುದು. ಶನಿವಾರ ಬಿಡಿಭಾಗ ಬಾರದೆ ಹೋದದ್ದಕ್ಕೆ ಆ ಹುಡುಗ ಹೊಣೆಯಲ್ಲ, ಕೇಂದ್ರದಲ್ಲಿ ಮೆಕ್ಯಾನಿಕ್ಕುಗಳ ಸಂಖ್ಯೆ ಸಾಲದ್ದಕ್ಕೂ ಹೊಣೆಯಲ್ಲ. ಇಡೀ ಕೇಂದ್ರದ ಕುಂದುಗಳನ್ನು ಅವನ ಮುಗುಳ್ನಗೆಯಿಂದ ಮುಚ್ಚಬೇಕೆಂಬ ಭಾರವನ್ನು ಮಾತ್ರ ಅವನ ಮೇಲೆ ಹೊರಿಸಲಾಗಿತ್ತು.

ವಿಷಯ ಇಲ್ಲಿಗೇ ಮುಗಿಯುತ್ತಿತ್ತೇನೋ. ಮಾಸ್ತರರು ಒಂದು ಬಸದಿಯ ಟ್ರಸ್ಟಿನ ಸದಸ್ಯರೂ ಹೌದು. ಆ ಟ್ರಸ್ಟಿಗೆ ಕ್ಷೇತ್ರದಲ್ಲಿ ಒಂದು ಯಾತ್ರಿನಿವಾಸವಿದೆ. ಎರಡು ತಿಂಗಳ ನಂತರದ ಸಭೆಯಲ್ಲಿ ಖಜಾಂಚಿಗಳು, ಉತ್ಸಾಹಿಗಳಾದ ತರುಣರು, ಒಂದು ಪ್ರಸ್ತಾವ ತಂದರು. ನಕ್ಷೆಯಲ್ಲಿ ಯಾತ್ರಿನಿವಾಸದ ನಕ್ಷತ್ರಗಳು ನಾಲ್ಕಕ್ಕಿಂತ ಕೆಳಗಿಳಿದಿವೆ; ರಸ್ತೆಯಾಚೆಯ ಲಾಡ್ಜಿನವು ಮೇಲಿವೆ. ಆದ್ದರಿಂದ ಕೌಂಟರಿನ ಗುಮಾಸ್ತನು ತಿಂಗಳಿಗೆ ಇಪ್ಪತ್ತು ಒಳ್ಳೆಯ ವಿಮರ್ಶೆಗಳನ್ನು ಬರೆಯಿಸಬೇಕು. ಬರೆಯಿಸಿದರೆ ಸಂಬಳದ ಮೇಲೆ ಐನೂರು ರೂಪಾಯಿ.

ಖಜಾಂಚಿಗಳ ಮಾತಿನಲ್ಲಿ ಹುರುಳಿರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಯಾತ್ರಿಕರು ಮನೆಯಿಂದ ಹೊರಡುವ ಮೊದಲೇ ನಕ್ಷತ್ರ ನೋಡಿ ಕೋಣೆ ಗೊತ್ತುಮಾಡುತ್ತಾರೆ. ಕೋಣೆಗಳ ಬಾಡಿಗೆಯಿಂದಲೇ ನಿತ್ಯಪೂಜೆಯ ಖರ್ಚು, ಅರ್ಚಕರ ಸಂಬಳ ನಡೆಯಬೇಕು. "ಒಳ್ಳೇ ಕೆಲಸಕ್ಕ ನಾಲ್ಕು ಒಳ್ಳೇ ಮಾತು ಕೇಳಿದ್ರ ಏನು ತಪ್ಪು, ಮಾಸ್ತರ?" ಎಂದು ಅವರು ಕೇಳಿದರು. ಬಂದವರೆಲ್ಲರೂ ತಮ್ಮ ಮಾತು ಬರೆಯಲಿ ಎಂದು ಕೇಳುವುದಕ್ಕೂ, ಹೊಗಳಿಕೆಯನ್ನು ಎಣಿಸಿ ತಂದುಕೊಡು ಎಂದು ನೌಕರನಿಗೆ ಹೇಳುವುದಕ್ಕೂ ಇರುವ ಅಂತರವನ್ನು ಮಾಸ್ತರರು ವಾದ ಮಾಡಿ ವಿವರಿಸಬಹುದಿತ್ತು. ಹಾಗೆ ಮಾಡದೆ, ಗೇಟಿನ ಬಳಿ ನಡೆದದ್ದನ್ನು ಇದ್ದಂತೆ ಹೇಳಿದರು. ತಾವು ಒತ್ತಿಬಿಡಪ್ಪ ಎಂದದ್ದನ್ನೂ ಬಿಡಲಿಲ್ಲ. ಸಭೆ ಸ್ವಲ್ಪ ಹೊತ್ತು ಮೌನವಾಯಿತು. ಹಿರಿಯ ಸದಸ್ಯರೊಬ್ಬರು, ವ್ರತಸ್ಥರು ಇಂಥದ್ದನ್ನು ಹೊರಗೆ ಹೇಳಿಕೊಳ್ಳಬಾರದಿತ್ತೆಂದು ಪಕ್ಕದವರ ಕಿವಿಯಲ್ಲಿ ಹೇಳಿದರು.

ಅಧ್ಯಕ್ಷರು ಗುಮಾಸ್ತನನ್ನು ಕರೆಯಿಸಿದರು. ಯಾತ್ರಿಕರ ದೂರು ಏನೆಂದು ಕೇಳಿದರು. ಅವನು ಬಾಗಿಲಲ್ಲಿಯೇ ನಿಂತು, ಪಡುವಣ ಕಡೆಯ ಆರು ಕೋಣೆಗಳಿಗೆ ಬೆಳಿಗ್ಗೆ ಆರೂವರೆಯ ಮೇಲೆ ಬಿಸಿನೀರು ಬರುವುದಿಲ್ಲ, ಅಭಿಷೇಕದ ಹೊತ್ತಿಗೆ ಸ್ನಾನವಾಗದೆ ವೃದ್ಧರು ಬೈಯುತ್ತಾರೆ, ಈ ಮಾತನ್ನು ಕಳೆದ ಚಾತುರ್ಮಾಸದಿಂದ ಹೇಳುತ್ತಿದ್ದೇನೆ ಎಂದ. ಯಾರೋ ಮೊಬೈಲು ತೆರೆದು ನೋಡಿದರು. ಒಂದು ನಕ್ಷತ್ರ, ಎರಡು ನಕ್ಷತ್ರ ಕೊಟ್ಟವರಲ್ಲಿ ಹೆಚ್ಚಿನವರು ಅದನ್ನೇ ಬರೆದಿದ್ದರು. ಟ್ರಸ್ಟಿಗಳಲ್ಲಿ ಒಬ್ಬರೂ ಅದುವರೆಗೆ ಆ ಬರಹಗಳನ್ನು ಪೂರ್ತಿ ಓದಿರಲಿಲ್ಲ. ಸರಾಸರಿಯನ್ನು ಮಾತ್ರ ನೋಡಿದ್ದರು.

ಇಪ್ಪತ್ತರ ಗುರಿ ಅಂದು ಅಂಗೀಕಾರವಾಗಲಿಲ್ಲ. ಕಾರ್ಡನ್ನು ಕೌಂಟರಿನ ಮೇಲಿಡುವುದು, ಗುಮಾಸ್ತನು ಯಾರನ್ನೂ ಕೇಳಕೂಡದು, ಬಂದ ಬರಹಗಳನ್ನು ಪ್ರತಿ ಸಭೆಯಲ್ಲಿ ಓದುವುದು ಎಂದು ಠರಾವಾಯಿತು. ಹೊಸ ಸೌರ ಹೀಟರಿನ ಖರ್ಚಿನ ವಿಷಯ ಹಣದ ಅಭಾವದಿಂದ ಮುಂದಿನ ಸಭೆಗೆ ಹೋಯಿತು. ಖಜಾಂಚಿಗಳು ಒಪ್ಪಿದಂತೆ ತೋರಲಿಲ್ಲ.

ಆ ರಾತ್ರಿ ಮಾಸ್ತರರು ಮೊಮ್ಮಗಳ ನೆರವಿನಿಂದ ತಮ್ಮ ಹಳೆಯ ವಿಮರ್ಶೆಯನ್ನು ತೆರೆದರು. ಹುಡುಗನ ತಿಂಗಳ ಲೆಕ್ಕ ಎಂದೋ ಮುಗಿದಿರಬೇಕು. ಐದು ನಕ್ಷತ್ರವನ್ನು ನಾಲ್ಕು ಮಾಡಿದರು. ಹತ್ತಕ್ಕೆ ಎಂಟು, ಲೆಕ್ಕ ತಾಳೆಯಾಯಿತು. ಬ್ರೇಕಿನ ಕೆಲಸ ಚೆನ್ನಾಗಿತ್ತು, ಬಿಲ್ಲು ನ್ಯಾಯವಾಗಿತ್ತು, ಗಾಡಿ ಎರಡು ದಿನ ತಡವಾಗಿ ಸಿಕ್ಕಿತು, ತಡವಾಗುವುದನ್ನು ತಿಳಿಸಿರಲಿಲ್ಲ ಎಂದು ಬರೆಯಿಸಿದರು. ಹುಡುಗನ ಹೆಸರನ್ನು ತೆಗೆಸಿದರು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಸರ್ವಿಸ್ ಕೇಂದ್ರದಿಂದ ಫೋನು ಬಂತು. "ಸರ್, ನೀವು ರಿವ್ಯೂ ಬದಲ್ ಮಾಡೀರಂತಲ್ರಿ..." ಎಂದಿತು ಆ ಕಡೆಯ ದನಿ. ಅದು ಬೇರೆ ಹುಡುಗನ ದನಿಯಾಗಿತ್ತು.